ಒಪ್ಪಿಸುವುದು ಬೇರೆ, ಉರು ಹೊಡೆಯುವುದು ಬೇರೆ

ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾನು ಮಗ್ಗಿ ಹೇಳುತ್ತಿದ್ದ ಸಂಜೆಗಳನ್ನು ನೆನೆದದ್ದು ಅವರಿಗೆ ಹಿಡಿಸಿಲ್ಲ. "ಬಾಯಿಪಾಠವೆಂದರೆ ಗಿಳಿಪಾಠ. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದಾರೆ. ನೀವು ಹಿಂದಕ್ಕೆ ಎಳೆಯುತ್ತಿದ್ದೀರಿ" ಎಂಬುದು ಅವರ ದೂರು. ಕೊನೆಗೊಂದು ಪ್ರಶ್ನೆ: ಮೂರನೇ ತರಗತಿಯ ಹುಡುಗಿಯೊಬ್ಬಳು ನಲಿ–ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ಪದ್ಧತಿ) ಕಾರ್ಡು ಹಿಡಿದು ಕೂತಾಗಲೂ ಅಜ್ಜಿ ಕಲಿಸಿದ ಮಗ್ಗಿ ಗುನುಗುತ್ತಿರುತ್ತಾಳೆ, ತಡೆಯಲೇ?

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ದುಂಡಗಿದೆ, ಸಿಟ್ಟು ಪ್ರಾಮಾಣಿಕವಾಗಿದೆ. ನಿಮ್ಮ ಮಾತಿನಲ್ಲಿ ನಿಜವಿದೆ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಬೆತ್ತಕ್ಕೆ ಹೆದರಿ ನಾನು ಹೇಳಿದ ಪದ್ಯಗಳಲ್ಲಿ ಅರ್ಧದಷ್ಟರ ಅರ್ಥ ಇಂದಿಗೂ ಗೊತ್ತಿಲ್ಲ. ಗಿಳಿಯ ಉಪಮೆಯೂ ನಮ್ಮ ಜಿಲ್ಲೆಗೆ ಹಳೆಯದೇ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಇಲ್ಲಿನ ಶಾಲೆಗಳ ಬಗ್ಗೆ ವರದಿ ಬರೆದಾಗ ಇದೇ ಗಿಳಿಯನ್ನು ಕರೆತಂದಿದ್ದ: ಮಕ್ಕಳು ಪದ್ಯ ಹೇಳುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಎಂದು.

ಆದರೆ ಅವನ ವರದಿ ಗಿಳಿಗೇ ಮುಗಿಯುವುದಿಲ್ಲ. ಈಗಿನದಕ್ಕಿಂತ ಬಹಳ ದೊಡ್ಡದಾಗಿದ್ದ ಅಂದಿನ ಜಿಲ್ಲೆಯಲ್ಲಿ ಅವನು ಲೆಕ್ಕ ಹಾಕಿದ್ದು 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. (ಹುಡುಗಿಯರು ಬರೀ 60. ಆ ಕಾಲವನ್ನು ಹೊಗಳುವಾಗ ನನ್ನ ನಾಲಿಗೆ ತಡವರಿಸುವುದು ಇಲ್ಲಿಯೇ.) ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಮುಂದೆ ಹೋದವರು ಹಿಂದಿನವರಿಗೆ ಕಲಿಸುತ್ತಾರೆ, ಹಾಗೆ ಕಲಿಸುತ್ತಲೇ ತಮ್ಮದನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಆ ಕಲೆಕ್ಟರನೇ ಮೆಚ್ಚಿ ಬರೆದ. ನಿಮ್ಮ ನಲಿ–ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ. ಒಳ್ಳೆಯದೇ. ಆದರೆ ಅದರಲ್ಲಿ ಗೆಳೆಯರ ನೆರವಿನಿಂದ ಕಲಿಯುವ ಗುಂಪೊಂದಿದೆಯಲ್ಲ, ಅದು ನಮ್ಮ ಜಗಲಿಗಳ ಮೇಲೆ ಆಗಲೇ ಕೂತಿತ್ತು.

ಇನ್ನು ಬಾಯಿಪಾಠ. ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ. ಉರು ಹೊಡೆಯುವುದೆಂದರೆ ಪುಸ್ತಕ ಎದುರಿಗಿಟ್ಟುಕೊಂಡು ಅದನ್ನೇ ಉಜ್ಜುವುದು. ಒಪ್ಪಿಸುವುದೆಂದರೆ ಪುಸ್ತಕ ಮುಚ್ಚಿ, ಒಳಗಿರುವುದನ್ನು ಹೊರಗೆ ತಂದು ಮಾಸ್ತರರ ಮುಂದಿಡುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪರೀಕ್ಷಿಸಿದ್ದು ಈ ವ್ಯತ್ಯಾಸವನ್ನೇ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿದ್ದನ್ನು ನೆನೆದು ಬರೆಯಿತು. ಐದು ನಿಮಿಷದ ಬಳಿಕ ಓದಿದವರದೇ ಮೇಲುಗೈ. ವಾರದ ನಂತರ ನೆನೆದು ಬರೆದವರು ಮುಂದಿದ್ದರು. ನಮ್ಮ ಮಾಸ್ತರರು ಈ ಪ್ರಬಂಧ ಓದಿರಲಿಲ್ಲ, "ಪುಸ್ತಕ ಮುಚ್ಚು, ಒಪ್ಪಿಸು" ಎನ್ನುತ್ತಿದ್ದರು.

ಅರ್ಥವಾಗುವುದಿಲ್ಲ ಎನ್ನುತ್ತೀರಿ. ಕಳೆದ ತಿಂಗಳು ಬಳ್ಳಾರಿಯಲ್ಲಿ ತರಕಾರಿ ಮಾರುವ ಅಜ್ಜಿಯೊಬ್ಬರ ಹತ್ತಿರ ಮುಕ್ಕಾಲು ಕಿಲೋ ಬದನೆಕಾಯಿ ತೂಗಿಸಿದೆ, ಕಿಲೋಗೆ 56ರಂತೆ. ನನ್ನ ಕೈ ಮೊಬೈಲಿಗೆ ಹೋಗುವ ಮೊದಲೇ "ನಲವತ್ತೆರಡು" ಎಂದರು. ನನಗೂ ಚಾಳಿ ಬಿಡದು, 54ರಂತೆ ಕೊಟ್ಟರೆ ಎಷ್ಟಾಗುತ್ತದೆ ಎಂದು ಕೇಳಿದೆ. "ಕಿಲೋಗೆ ಎರಡು ಇಳಿದರೆ ಮುಕ್ಕಾಲಿಗೆ ಒಂದೂವರೆ ಇಳಿಯುತ್ತದೆ. ನಲವತ್ತೂವರೆ. ಆದರೆ ಕೊಡುವುದಿಲ್ಲ." ಶಾಲೆಯ ಮುಖ ಕಂಡವರಲ್ಲ. ಅಪ್ಪ ಕಾಲು, ಅರೆ, ಮುಕ್ಕಾಲು ಮಗ್ಗಿ ಒಪ್ಪಿಸಿಕೊಳ್ಳದೆ ರಾತ್ರಿ ಊಟಕ್ಕೆ ಏಳಗೊಡುತ್ತಿರಲಿಲ್ಲವಂತೆ. ತಾಯಿ, ಆ ಒಂದೂವರೆಯನ್ನು ಯಾವ ಗಿಳಿ ಹೇಳೀತು? ಮನಸ್ಸು ಒಂದು ಸಲಕ್ಕೆ ಹಿಡಿಯುವುದು ನಾಲ್ಕಾರು ಸಂಗತಿಗಳನ್ನಷ್ಟೇ. ಮಗ್ಗಿ ತಾನಾಗಿ ಬಾಯಿಗೆ ಬಂದರೆ ಯೋಚನೆಗೆ ಜಾಗ ಉಳಿಯುತ್ತದೆ. ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮನವರು ಓದು ಬರಹ ಬಲ್ಲವರಾಗಿರಲಿಲ್ಲ. ಇಡಿಯ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರನ್ನು ನಾಡೋಜ ಎಂದು ಕರೆಯಿತು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಮೂರನೇ ತರಗತಿಯಲ್ಲಿ ಬಾಯಿಪಾಠ ಪಾಪ ಎನ್ನುವ ಇಲಾಖೆಯೇ ಹತ್ತನೇ ತರಗತಿಗೆ 'ಪಾಸಿಂಗ್ ಪ್ಯಾಕೇಜ್' ಕೈಗಿಡುತ್ತದೆ. ಇಷ್ಟೇ ಪ್ರಶ್ನೆ, ಇದೇ ಉತ್ತರ, ಉರು ಹೊಡೆಯಿರಿ! ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ತಳದಿಂದ ಓದಿ ರೂಢಿಯಾದ ನಮ್ಮ ಕಡೆಗಂತೂ ಅದು ಇನ್ನಷ್ಟು ಉತ್ಸಾಹದಿಂದ ಬರುತ್ತದೆ. ಬೇಕಾದ ಬಾಯಿಪಾಠವನ್ನು ಏಳು ವರ್ಷ ಮೊದಲೇ ಕಿತ್ತುಕೊಂಡು ಬೇಡದ್ದನ್ನು ಕೊನೆಯ ಮೂರು ತಿಂಗಳಲ್ಲಿ ತುರುಕಿದರೆ ಮಗು ಏನನ್ನು ಕಟ್ಟಿಕೊಂಡೀತು? ಅದನ್ನು ಕೇಳಬೇಕಾದ ಶಿಕ್ಷಕರು ಮೊಟ್ಟೆಯ ಲೆಕ್ಕ ಬರೆಯುತ್ತ, ತರಬೇತಿಯ ಫೋಟೋ ಕಳಿಸುತ್ತ ಕೂತಿದ್ದಾರೆ.

ಆ ಹುಡುಗಿಯನ್ನು ತಡೆಯಬೇಡಿ. ಪಕ್ಕದಲ್ಲಿ ಇನ್ನೊಂದು ಮಗುವನ್ನು ಕೂರಿಸಿ ಅವಳಿಂದಲೇ ಹೇಳಿಸಿ. ಅಜ್ಜಿ ಅವಳಿಗೆ ಮುಕ್ಕಾಲಿನ ಮಗ್ಗಿಯನ್ನೂ ಕಲಿಸಿದ್ದಾರೆಯೇ ಎಂದು ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ