ನೆರೆಮನೆಗೆ ಹೋಗಲು ಹೆದರುವ ಮಗು: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ತಾಯಿ ಕೂಲಿಗೆ ಹೋದಾಗ ನೆರೆಮನೆಯಲ್ಲಿ ಉಳಿಯುವ ಐದು ವರ್ಷದ ಬಾಲಕಿ ಈಗ ಆ ಮನೆಯ ಹೆಸರೆತ್ತಿದರೆ ಅಳುತ್ತಾಳೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳಿದೆ ಎಂದು ಬರೆದಿದ್ದೀರಿ. ಅಲ್ಲಿ ಯಾರೋ ಆಕೆಯನ್ನು ಹಿಂಸಿಸುತ್ತಿರುವ ಸಾಧ್ಯತೆಯನ್ನೇ ಮೊದಲು ಪರಿಗಣಿಸಬೇಕು. ಬೇರೆ ಭಯದಿಂದಲೂ ಹೀಗಾಗಬಹುದಾದ್ದರಿಂದ ಇದು ಪುರಾವೆಯಲ್ಲ. ಆದರೆ ಪುರಾವೆ ಹುಡುಕುವ ಹೊಣೆ ನಿಮ್ಮದಲ್ಲ.

ನಾಳೆಯಿಂದಲೇ ಮಗು ಆ ಮನೆಗೆ ಹೋಗದಂತೆ ಮಾಡಿ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ತಾಯಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ; ಶಿಶುಪಾಲನಾ ಕೇಂದ್ರವನ್ನೋ, ಹಲವರ ಕಣ್ಣೆದುರಿಗೆ ಸರದಿಯಂತೆ ಮಕ್ಕಳನ್ನು ನೋಡಿಕೊಳ್ಳುವ ಇತರ ತಾಯಂದಿರನ್ನೋ ನೀವೇ ಗೊತ್ತುಮಾಡಿಕೊಡಿ. ಆ ನೆರೆಯವರಿಗೆ ಆಕೆ ಸಾಲವನ್ನೋ ಬಾಡಿಗೆಯನ್ನೋ ಕೊಡಬೇಕಾಗಿದೆಯೇ ಎಂದು ವಿಚಾರಿಸಿ. ತಾಯಿಯ ಬಾಯಿ ಕಟ್ಟುವುದು ಹಲವೊಮ್ಮೆ ಅದೇ.

ಮಗು ಆಡುತ್ತಿರುವಾಗ ಪಕ್ಕದಲ್ಲಿ ಕುಳಿತು, "ಆ ಮನೆಯಲ್ಲಿ ಏನೇನಾಗುತ್ತದೆ, ಹೇಳುತ್ತೀಯಾ?" ಎಂದಷ್ಟೇ ಕೇಳಿ. "ಅವರು ಮುಟ್ಟಿದರಾ?" ಎಂದು ಉತ್ತರವನ್ನು ನೀವೇ ಬಾಯಿಗಿಡಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಮತ್ತೆ ಮತ್ತೆ ಕೆದಕಬೇಡಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ, ದಿನಾಂಕ ಸಹಿತ ಬರೆದಿಡಿ.

ಶಂಕಿತನನ್ನು ನೀವೇ ಪ್ರಶ್ನಿಸಿದರೆ ಆತ ಎಚ್ಚೆತ್ತು ಮಗುವನ್ನು ಬೆದರಿಸಬಹುದು. ಮಗು ಏನೂ ಹೇಳದಿದ್ದರೂ ಮಕ್ಕಳ ಸಹಾಯವಾಣಿಗೆ ಇಂದೇ ಕರೆಮಾಡಿ, ಕಂಡಷ್ಟನ್ನೇ ತಿಳಿಸಿ. ಲೈಂಗಿಕ ದೌರ್ಜನ್ಯ ಇತ್ತೀಚೆಗೆ ನಡೆದ ಸುಳಿವಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಟ್ಟು, ತಾಯಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ.