ಹಳೇ ಓಮ್ನಿಗೆ ಯಾವ ಆಯಿಲ್ ಹಾಕಿಸಲಿ?

ಪ್ರಶ್ನೆ: ನಮ್ಮದು 1998ರ ಮಾರುತಿ ಓಮ್ನಿ, ಪೆಟ್ರೋಲ್, ಕಾರ್ಬುರೇಟರ್ ಗಾಡಿ. 1.6 ಲಕ್ಷ ಕಿ.ಮೀ. ಓಡಿದೆ. ತೋಟದ ಕೆಲಸ, ಸಂತೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗೋದು, ಎಲ್ಲಕ್ಕೂ ಇದೇ. ಈಗೀಗ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊಗೆ ಬರುತ್ತಿದೆ. ಮೆಕ್ಯಾನಿಕ್ "ಎಂಜಿನ್‌ಗೆ ವಯಸ್ಸಾಯ್ತು, ಮಂದ ಆಯಿಲ್ ಹಾಕೋಣ, 20ಡಬ್ಲ್ಯೂ-50" ಅಂತಾರೆ. ಬೆಂಗಳೂರಲ್ಲಿರುವ ಮಗ "ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಹಾಕಿಸಿ ಅಪ್ಪಾ" ಅಂತಾನೆ. ಯಾರ ಮಾತು ಕೇಳಲಿ?
(ಓದುಗರು, ತೀರ್ಥಹಳ್ಳಿ)

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ ಸರ್. ಒಳ್ಳೆ ಕಂಪನಿಯ ಕಾರ್ ಪೆಟ್ರೋಲ್ ಎಂಜಿನ್‌ನ 20ಡಬ್ಲ್ಯೂ-40 ಹಾಕಿಸಿ. ಅದು ಸಿಗದಿದ್ದರೆ 15ಡಬ್ಲ್ಯೂ-40 ಆದರೂ ನಡೆಯುತ್ತೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಾಗಿನಿಂದ 2019ರಲ್ಲಿ ನಿಲ್ಲುವ ತನಕ ಓಮ್ನಿಯಲ್ಲಿ ಇದ್ದದ್ದು ಮೂಲದಲ್ಲಿ ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್. ಅದಕ್ಕೆ ಯಾವುದು ಒಗ್ಗುತ್ತೆ ಅನ್ನೋದು ನಮ್ಮ ಗ್ಯಾರೇಜ್‌ಗಳಿಗೆ ಎಂದೋ ಗೊತ್ತಾಗಿರುವ ವಿಷಯ. ಗಾಡಿ ಜೊತೆ ಬಂದ ಪುಸ್ತಕ ಇನ್ನೂ ಇದ್ದರೆ ತೆಗೆದು ನೋಡಿ, ಹೊರಗಿನ ಬಿಸಿಲು ಚಳಿಗೆ ತಕ್ಕ ಗ್ರೇಡ್ ಯಾವುದು ಅನ್ನೋ ಪಟ್ಟಿ ಅದರಲ್ಲಿರುತ್ತೆ.

ಡಬ್ಬದ ಮೇಲಿನ ನಂಬರ್ ಬಗ್ಗೆ ಎರಡು ಮಾತು. ಡಬ್ಲ್ಯೂ ಇರುವ ಮೊದಲ ನಂಬರ್ ಚಳಿಯದು. 20ಡಬ್ಲ್ಯೂ ಆಯಿಲ್ ಮೈನಸ್ 15 ಡಿಗ್ರಿಯಲ್ಲೂ ಎಂಜಿನ್ ತಿರುಗೋಕೆ ಬಿಡಬೇಕು, 5ಡಬ್ಲ್ಯೂ ಆದರೆ ಮೈನಸ್ 30ರಲ್ಲಿ. ಮಲೆನಾಡಿನ ಡಿಸೆಂಬರ್ ಎಷ್ಟೇ ನಡುಗಿಸಿದರೂ ಅಲ್ಲಿಗಂತೂ ಹೋಗಲ್ಲ ಅಲ್ವಾ? ಎರಡನೇ ನಂಬರ್ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತೆ ಅನ್ನೋದು. ನಿಮಗೆ ಮುಖ್ಯ ಇದು. ಘಾಟಿಯಲ್ಲಿ ಲೋಡ್ ಹಾಕಿಕೊಂಡು ಸೆಕೆಂಡ್ ಗೇರ್‌ನಲ್ಲಿ ಹತ್ತುವಾಗ ಎಂಜಿನ್ ಕಾದು ಕೆಂಡ ಆಗಿರುತ್ತೆ, ಸವೆದ ಬೇರಿಂಗ್‌ಗಳ ನಡುವೆ 30 ಗ್ರೇಡ್ ಆಯಿಲ್ ಜಾಸ್ತಿ ತೆಳು ಆಗಿಬಿಡುತ್ತೆ. ನಿಮ್ಮ ಮಗ ಹೇಳಿದ ಆಯಿಲ್ ಕೆಟ್ಟದ್ದಲ್ಲ, ಈಗಿನ ಎಷ್ಟೋ ಕಾರುಗಳಿಗೆ ಅದೇ ಸರಿ. ಆದರೆ ಹೊಗೆ ಬಿಡುತ್ತಿರುವ ಎಂಜಿನ್‌ಗೆ ದುಬಾರಿ ಸಿಂಥೆಟಿಕ್ ಹಾಕಿದರೆ ನೀವು ಸುಡೋದು ಆಯಿಲ್ ಅಲ್ಲ, ದುಡ್ಡು.

ಇನ್ನು ಮಂದ ಆಯಿಲ್. ನಮ್ಮಲ್ಲಿ ಇದನ್ನು ಹಳೇ ಎಂಜಿನ್‌ಗೆ ಔಷಧಿ ಥರ ಹಾಕುತ್ತಾರೆ. ಪಿಸ್ಟನ್ ಓಡಾಡುವ ಬೋರ್‌ನ ಗೋಡೆಗೆ ಅಂಟಿದ ಆಯಿಲನ್ನು ಕೆರೆದು ಕೆಳಗೆ ತಳ್ಳೋದು ಪಿಸ್ಟನ್ ಸುತ್ತ ಇರುವ ರಿಂಗ್‌ನ ಕೆಲಸ, ಅದೇ ಸವೆದಿದ್ದರೆ ಆಯಿಲ್ ಎಷ್ಟು ಮಂದ ಇದ್ದರೇನು, ಸ್ವಲ್ಪ ದಿನ ಹೊಗೆ ಕಮ್ಮಿ ಕಾಣಬಹುದು ಅಷ್ಟೇ. ಬೆಳಗ್ಗೆ ತಣ್ಣಗಿರುವಾಗ ಆ ಮಂದ ಆಯಿಲ್ ಮೇಲೆ ಹೆಡ್‌ಗೆ ತಲುಪೋದು ತಡ ಆಗುತ್ತೆ, ಅಲ್ಲಿ ತನಕ ಟ್ಯಾಪೆಟ್ ಟಕಟಕ ಅನ್ನುತ್ತಿರುತ್ತೆ. ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಓಡುವ, ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಹಂತಕ್ಕೆ ಬಂದಿರುವ, ಆದರೆ ಕೈಯಲ್ಲಿ ದುಡ್ಡಿಲ್ಲದ ಗಾಡಿಗೆ ಕೆಲವು ತಿಂಗಳ ಮಟ್ಟಿಗೆ 20ಡಬ್ಲ್ಯೂ-50 ಹಾಕಿದರೆ ನಾನು ಬೇಡ ಅನ್ನಲ್ಲ. ನಿಮ್ಮದು ಆ ಸ್ಥಿತಿಗೆ ಬಂದಿದೆಯಾ ಅಂತ ಮೊದಲು ನೋಡಬೇಕು.

ಅದಕ್ಕೆ ಆಗುಂಬೆಗಿಂತ ಒಳ್ಳೆ ಜಾಗ ಇಲ್ಲ. ಮುಂದಿನ ಸಲ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರ್‌ನಲ್ಲೇ ಇಳಿಯಿರಿ. ಕೆಳಗೆ ಸೋಮೇಶ್ವರದ ಹತ್ತಿರ ರಸ್ತೆ ಸಮ ಆದ ಮೇಲೆ ಒಮ್ಮೆ ಆಕ್ಸಿಲರೇಟರ್ ಒತ್ತಿ, ಹಿಂದಿನ ಸೀಟಿನವರಿಗೆ ಹೊಗೆ ನೋಡೋಕೆ ಹೇಳಿ. ಒಂದು ಸಲ ಭುಸ್ ಅಂತ ನೀಲಿ ಹೊಗೆ ಬಂದು ನಿಂತರೆ, ಮೇಲಿನಿಂದ ಆಯಿಲ್ ಸಿಲಿಂಡರ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಕಡೆ ಅನುಮಾನ. ಸೀಲ್ ಬರೀ ರಬ್ಬರ್, ವರ್ಷಗಳು ಕಳೆದಂತೆ ಗಟ್ಟಿಯಾಗುತ್ತೆ, ರಾತ್ರಿಯೆಲ್ಲಾ ನಿಂತಾಗ ಆಯಿಲ್ ತೊಟ್ಟಿಕ್ಕಿ ಬೆಳಗ್ಗೆ ಹೊಗೆ ಆಗೋದು ಅದರಿಂದಲೇ. ಸೀಲ್ ಬದಲಿಸಿದರೆ ಮುಗಿಯಿತು, ರಿಂಗ್ ಕೆಲಸದಷ್ಟು ದೊಡ್ಡ ಖರ್ಚಲ್ಲ. ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಿಡುತ್ತಾ ಹೋದರೆ ಮಾತ್ರ ರಿಂಗ್, ಬೋರ್ ಯೋಚನೆ ಮಾಡಿ. ಆಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ, ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿಸಿ. ಆಯಿಲ್ ಬಿಟ್ಟ ಮೇಲೆ ಕಂಪ್ರೆಷನ್ ಏರಿದರೆ ರಿಂಗ್ ಸವೆದಿದೆ ಅಂತಲೇ ಅರ್ಥ. ಚಳಿಗಾಲದ ಬೆಳಗ್ಗೆ ಬಂದು ಹೋಗುವ ಬಿಳಿ ಹೊಗೆ ಬರೀ ಆವಿ, ಅದಕ್ಕೆ ಹೆದರಬೇಡಿ. ಬಿಸಿ ಆದ ಮೇಲೂ ದಟ್ಟವಾಗಿ ಬಿಳಿ ಹೊಗೆ ಬರುತ್ತಲೇ ಇದ್ದು, ರೇಡಿಯೇಟರ್ ನೀರೂ ಕಮ್ಮಿ ಆಗುತ್ತಿದ್ದರೆ ಅದು ಬೇರೆ ಕಥೆ, ಗಾಡಿ ಓಡಿಸಬೇಡಿ.

ಕಾರ್ಬುರೇಟರ್ ಗಾಡಿ ಅಂದಿದ್ದೀರಿ, ಹಾಗಾಗಿ ಇನ್ನೊಂದು. ಸೀಟ್ ಎತ್ತಿ ಡಿಪ್‌ಸ್ಟಿಕ್ ತೆಗೆದು ಒರೆಸಿ, ಪುನಃ ಹಾಕಿ ತೆಗೆಯಿರಿ. ಗಾಡಿ ಸಮತಟ್ಟು ಜಾಗದಲ್ಲಿ ನಿಂತು ತಣ್ಣಗಾಗಿರಬೇಕು. ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿದೆಯಾ? ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಬರುತ್ತಾ? ಹಾಗಿದ್ದರೆ ಎಂಜಿನ್‌ನ ಪೆಟ್ರೋಲ್ ಪಂಪ್ ಒಳಗಿನ ಡಯಾಫ್ರಾಮ್ ಅನ್ನೋ ತೆಳು ಪರದೆ ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರಬಹುದು. ಅದನ್ನು ಸರಿ ಮಾಡಿಸದೆ ಯಾವ ಗ್ರೇಡ್ ಹಾಕಿದರೂ ನೀರಾಗುತ್ತೆ.

ಎಲ್ಲಾ ಸರಿ ಇದ್ದರೆ 5,000 ಕಿ.ಮೀ.ಗೋ ಆರು ತಿಂಗಳಿಗೋ, ಯಾವುದು ಮೊದಲೋ ಆಗ ಬದಲಿಸಿ, ಪ್ರತಿ ಸಲ ಫಿಲ್ಟರ್ ಕೂಡ. ಡ್ರೈನ್ ಬೋಲ್ಟ್‌ನ ವಾಷರ್ ಹೊಸದು ಹಾಕಿಸಿ. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಬಾರದು, ದಾಟಿದರೆ ಕ್ರ್ಯಾಂಕ್ ಬಡಿದು ನೊರೆ ಏಳುತ್ತೆ. 5,000ಕ್ಕೆ ಅರ್ಧ ಲೀಟರ್ ಟಾಪ್‌ಅಪ್ ಕೇಳಿದರೆ ಈ ವಯಸ್ಸಿಗೆ ಏನೂ ಅಲ್ಲ. 1,000ಕ್ಕೇ ಅಷ್ಟು ಕುಡಿದರೆ ಮಾತ್ರ ಎಂಜಿನ್ ಬಿಚ್ಚೋಕೆ ದುಡ್ಡು ಎತ್ತಿಡಿ. ಬ್ರ್ಯಾಂಡ್ ಬಗ್ಗೆ ಜಗಳ ಬೇಡ, ಬಂಕ್‌ನಲ್ಲಿ ಸಿಗುವ ಸರ್ವೋ, ಮ್ಯಾಕ್ ಧಾರಾಳವಾಗಿ ಸಾಕು. ಡಬ್ಬದ ಸೀಲ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಲೂಸ್ ಆಯಿಲ್ ಮುಟ್ಟಲೇಬೇಡಿ. ಖಾಲಿ ಡಬ್ಬಕ್ಕೆ ಅಲ್ಲೇ ತೂತು ಮಾಡಿ ಬನ್ನಿ, ಇಲ್ಲದಿದ್ದರೆ ಅದೇ ಡಬ್ಬದಲ್ಲಿ ನಕಲಿ ಆಯಿಲ್ ತುಂಬಿ ಇನ್ನೊಬ್ಬರ ಗಾಡಿಗೆ ಹೋಗುತ್ತೆ.

ಪ್ರಶ್ನೆ: ಬೈಕ್‌ಗೆ ತಂದ 20ಡಬ್ಲ್ಯೂ-40 ಮನೆಯಲ್ಲಿದೆ. ನಂಬರ್ ಒಂದೇ ಅಲ್ವಾ, ಓಮ್ನಿಗೆ ಹಾಕಬಹುದಾ?
(ಓದುಗರು, ಹಾಸನ)

ಉತ್ತರ: ದಾರಿಯಲ್ಲಿ ಆಯಿಲ್ ಕಮ್ಮಿ ಆಗಿದ್ದರೆ ಧೈರ್ಯವಾಗಿ ಹಾಕಿ, ಏನೂ ಆಗಲ್ಲ. ಬೇಕಂತಲೇ ಹಾಕೋದರಲ್ಲಿ ಲಾಭ ಇಲ್ಲ. ಉಲ್ಟಾ ಮಾತ್ರ ಮಾಡಬೇಡಿ. ಬೈಕ್‌ನಲ್ಲಿ ಕ್ಲಚ್ ಪ್ಲೇಟ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಕಾರಿನ ಕೆಲವು ಆಯಿಲ್‌ನ ಜಾರುವ ಗುಣಕ್ಕೆ ಕ್ಲಚ್ ಸ್ಲಿಪ್ ಆಗುತ್ತೆ. ಬೈಕ್ ಡಬ್ಬದ ಮೇಲೆ ಜಾಸೋ ಎಂಎ ಅಂತ, ಕ್ಲಚ್‌ಗೆ ಒಗ್ಗುವ ಆಯಿಲ್ ಅನ್ನೋ ಗುರುತು ಇರೋದು ಅದಕ್ಕೇ.

ಪ್ರಶ್ನೆ: ಹಳೇ ಡೀಸೆಲ್ ಟೆಂಪೋ ಟ್ರಾವೆಲರ್ ಇದೆ, ಸ್ಕೂಲ್ ಟ್ರಿಪ್ ಹೊಡೆಯುತ್ತೇನೆ. ಆಯಿಲ್ ಬದಲಿಸಿ ವಾರ ಆಗಿಲ್ಲ, ಆಗಲೇ ಕಪ್ಪು. ನಕಲಿ ಆಯಿಲ್ ಹಾಕಿದ್ದಾರಾ?
(ಓದುಗರು, ದಾವಣಗೆರೆ)

ಉತ್ತರ: ಕಪ್ಪು ಅನ್ನೋ ಒಂದೇ ಕಾರಣಕ್ಕೆ ಜಗಳಕ್ಕೆ ಹೋಗಬೇಡಿ. ಡೀಸೆಲ್ ಉರಿದಾಗ ಮಸಿ ಬರುತ್ತೆ, ಆ ಮಸಿ ಒಂದು ಕಡೆ ಗಟ್ಟಿಯಾಗಿ ಕೂರದಂತೆ ತನ್ನೊಳಗೆ ತೇಲಿಸಿ ಇಟ್ಟುಕೊಳ್ಳೋದೇ ಆಯಿಲ್‌ನ ಕೆಲಸ. ಬೆರಳಿಗೆ ಹಚ್ಚಿ ಉಜ್ಜಿದಾಗ ಮರಳಿನ ಥರ ಹತ್ತಿದರೆ, ಇಲ್ಲವೇ ಹಾಲು ಕಲಸಿದ ಹಾಗೆ ಬಿಳಚಿಕೊಂಡಿದ್ದರೆ ತಕ್ಷಣ ತೋರಿಸಿ, ಬಿಳಚಿದ್ದರೆ ನೀರು ಸೇರಿದೆ. ನಿಮಗೆ 15ಡಬ್ಲ್ಯೂ-40 ಸಾಕು, ಡಬ್ಬದ ಮೇಲೆ ಸಿಐ-4 ಅಂತ ಇರಲಿ. ಸಿ ಅಂದರೆ ಡೀಸೆಲ್, ಎಸ್ ಅಂದರೆ ಪೆಟ್ರೋಲ್. ಬಿಎಸ್-6 ಗಾಡಿಗಳಿಗೆ ಬರುವ ದುಬಾರಿ ಆಯಿಲ್ ಅವುಗಳ ಸೈಲೆನ್ಸರ್ ದಾರಿಯಲ್ಲಿರುವ ಫಿಲ್ಟರ್ ಕಟ್ಟದಿರಲಿ ಅಂತ ಮಾಡಿದ್ದು, ನಿಮ್ಮದರಲ್ಲಿ ಆ ಫಿಲ್ಟರೇ ಇಲ್ಲ.

ಪ್ರಶ್ನೆ: ತೆಗೆದ ಹಳೇ ಆಯಿಲ್ ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಬಳಿಯಬಹುದಾ?
(ಓದುಗರು, ಸಾಗರ)

ಉತ್ತರ: ಊರೆಲ್ಲಾ ಬಳಿಯುತ್ತೆ, ಗೊತ್ತು. ಆದರೂ ಬೇಡ. ಅದರಲ್ಲಿ ಎಂಜಿನ್‌ನಿಂದ ಸವೆದ ಲೋಹ, ಸುಟ್ಟ ರಾಸಾಯನಿಕ ಎಲ್ಲಾ ಇರುತ್ತೆ, ಮಳೆಗೆ ತೊಳೆದು ಮಣ್ಣಿಗೆ, ಬಾವಿಗೆ ಇಳಿಯುತ್ತೆ. ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿ ಗ್ಯಾರೇಜ್‌ಗೇ ವಾಪಸ್ ಕೊಡಿ, ಹಳೇ ಆಯಿಲ್ ಕೊಳ್ಳುವವರು ಅಲ್ಲಿಗೆ ಬರುತ್ತಾರೆ.