ಪ್ರತಿಕ್ರಿಯೆ: ಪ್ರೆಶರ್ ಪೇಂಟ್ ಬೇಡ, ಮಾನೋಮೀಟರ್ ಸಾಕು

ದಾವಣಗೆರೆಯ ನಿಮ್ಮ ಕಾಲೇಜಿನ ವಿಂಡ್ ಟನೆಲ್‌ನಲ್ಲಿ (ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ), ಸೆಕೆಂಡಿಗೆ 30 ಮೀಟರ್ ಗಾಳಿಗೆ, ಮಾದರಿ ರೆಕ್ಕೆಯ ಮೇಲಿನ ಒತ್ತಡವನ್ನು ಪ್ರೆಶರ್ ಸೆನ್ಸಿಟಿವ್ ಪೇಂಟ್ ಬಳಿದು ಅಳೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈ ಪ್ರಾಜೆಕ್ಟಿಗೆ ಬೇಡ. ಆ ಪೇಂಟ್ ನೀಲಿ ಅಥವಾ ಅತಿನೇರಳೆ ಬೆಳಕು ಬಿದ್ದಾಗ ಹೊಳೆಯುತ್ತೆ. ಒತ್ತಡ ಹೆಚ್ಚಿದ ಕಡೆ ಆಮ್ಲಜನಕ ಹೆಚ್ಚು ತಾಗಿ ಹೊಳಪು ಕುಗ್ಗುತ್ತೆ. ಆದರೆ ನಿಮ್ಮ ವೇಗಕ್ಕೆ ಡೈನಾಮಿಕ್ ಪ್ರೆಶರ್ (ಗಾಳಿಯ ವೇಗದಿಂದ ಬರುವ ಒತ್ತಡ) ಸುಮಾರು 540 ಪಾಸ್ಕಲ್, ವಾತಾವರಣದ ಒತ್ತಡದಲ್ಲಿ ಶೇ. 0.5ರಷ್ಟು ಮಾತ್ರ. ಪೇಂಟಿನ ಹೊಳಪು ಬಿಸಿಗೂ ಬದಲಾಗುತ್ತೆ; ನಮ್ಮೂರ ಏಪ್ರಿಲ್ ಸೆಕೆಗೆ ಮಾದರಿ ಎರಡು ಡಿಗ್ರಿ ಕಾದರೂ ಸಾಕು, ಒತ್ತಡದ ಗುರುತು ಮುಚ್ಚಿಹೋಗುತ್ತೆ.

ರೆಕ್ಕೆಯ ಮೇಲೆ ಸಣ್ಣ ತೂತು ಕೊರೆದು, ನಳಿಕೆ ಎಳೆದು ನೀರಿನ ಮಾನೋಮೀಟರಿಗೆ (ನೀರಿನ ಮಟ್ಟದ ಏರಿಳಿತದಿಂದ ಒತ್ತಡ ತೋರಿಸುವ ಕೊಳವೆ) ಕೊಡಿ. ಅದೇ 540 ಪಾಸ್ಕಲ್ ಅಲ್ಲಿ 55 ಮಿಲಿಮೀಟರ್ ನೀರು, ಬರಿಗಣ್ಣಿಗೇ ಕಾಣುತ್ತೆ. ರೆಕ್ಕೆ ಬಾಗೋದನ್ನ ನೋಡಬೇಕಿದ್ದರೆ ಮಾತ್ರ ಅದರ ಮೇಲೆ ಕಪ್ಪು ಚುಕ್ಕಿ ಸಿಂಪಡಿಸಿ, ಚುಕ್ಕಿಗಳು ಎಷ್ಟು ಸರಿದವು ಅಂತ ನೋಡೋಕೆ ಎರಡು ಕ್ಯಾಮೆರಾ ಇಡಿ.